ಥಂಡಿಯ ಪಟ್ಟಿ

ಮೊನ್ನೆ ನಮ್ಮ ಮನೆಗೆ ಇಬ್ಬರು ಹೊಸ ಕಂಪೌಂಡರು ಬಂದಿದ್ದರು. ಒಬ್ಬನಿಗೆ ಬೈಲಹೊಂಗಲದ ಕಡೆ ನೌಕರಿ ಸಿಕ್ಕಿದೆ, ಇನ್ನೊಬ್ಬನಿಗೆ ರಾಮದುರ್ಗದ ಕಡೆ. ಇಬ್ಬರ ಕೋಟೂ ಹೊಸದು, ಗುಂಡಿಗಳನ್ನು ಕುತ್ತಿಗೆಯವರೆಗೂ ಹಾಕಿಕೊಂಡಿದ್ದರು. ಕಟ್ಟೆಯ ಮೇಲೆ ಕೂತು ಚಹಾ ಕುಡಿದು, ಒಬ್ಬರ ಮುಖ ಒಬ್ಬರು ನೋಡಿ, ಕಡೆಗೆ ರಾಮದುರ್ಗದ ಕಡೆಯವನು ಬಾಯಿಬಿಟ್ಟ.

"ಕಾಕಾರ, ನಿಮ್ಮ ಥಂಡಿ ಪಟ್ಟಿ ಅಂತ ಒಂದು ಇತ್ತಂತಲ್ಲರಿ. ನಮ್ಮ ಹಿರ್ಯಾರು ಭಾಳ ಹೇಳತಿದ್ರು. ಅದನ್ನ ಬರಕೊಂಡು ಹೋಗೂಣು ಅಂತ ಬಂದೇವ್ರಿ."

"ಅದು ಯಾವಾಗೋ ಕಳದ ಹೋತಪಾ," ಎಂದೆ.

ಪಟ್ಟಿ ಕಳೆದಿಲ್ಲ. ನನ್ನ ಟ್ರಂಕಿನಲ್ಲಿ, ಹಳೆಯ ಧೋತರದ ಕೆಳಗೆ ಇದೆ. ಅವರು ಹೋದ ಮೇಲೆ ಕೂತಲ್ಲೇ ನನಗೆ ಮೈಯೆಲ್ಲ ನಾಚಿಕೆಯಾಯಿತು. ಆ ಪಟ್ಟಿಯ ವಿಷಯದಲ್ಲಿ ನಾನು ಬಾಯಿಬಿಟ್ಟು ಹೇಳಿದ ಸುಳ್ಳುಗಳಲ್ಲಿ ಇದು ಮೂರನೆಯದು. ಈ ವಯಸ್ಸಿನಲ್ಲಿ ಸುಳ್ಳಿನ ಗಂಟು ಇನ್ನೂ ದೊಡ್ಡದು ಮಾಡಿಕೊಳ್ಳುವುದು ಬೇಡವೆಂದು ಇದನ್ನು ಬರೆಯಲು ಕೂತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದು ಇದರಲ್ಲಿಲ್ಲ. ಅದು ಬೇಕಾದವರು ಗೋಡೆಯ ಮೇಲಿನ ಫೋಟೋ ನೋಡಿಕೊಳ್ಳಬಹುದು.

ನಾನು ದೊಡವಾಡದವನು, ಹೆಸರು ಅಡಿವೆಪ್ಪ. ಮನೆಯಲ್ಲಿ ಒಕ್ಕಲುತನ. ಕನ್ನಡ ಶಾಲೆಯ ಕೊನೆಯ ಪರೀಕ್ಷೆಯಾದ ಮುಲ್ಕಿ ಪಾಸಾಗಿ, ಔಷಧಿ ಕಲಸುವುದನ್ನು ಕಲಿತು, ಸವದತ್ತಿಯಿಂದ ಯರಗಟ್ಟಿಗೆ ಹೋಗುವ ದಾರಿಯ ಒಂದು ಊರಿನ ದವಾಖಾನೆಯಲ್ಲಿ ಕಂಪೌಂಡರನಾದೆ. ಊರಿನ ಹೆಸರು ಬರೆಯುವುದಿಲ್ಲ. ತಪ್ಪು ನನ್ನದು, ಊರಿಗೇಕೆ ಹೆಸರು.

ಆ ಕಾಲದಲ್ಲಿ ದವಾಖಾನೆ ಎಂದರೆ ಒಂದು ಖಿಡಕಿ. ಒಳಗೆ ನಾನು, ಹೊರಗೆ ಖಾಲಿ ಬಾಟ್ಲಿ ಹಿಡಿದ ಗಂಡಸರು. ಹೆಣ್ಣುಮಕ್ಕಳು ಬೇನೆ ಬಿದ್ದರೆ ದವಾಖಾನೆಗೆ ಬರುವ ರೂಢಿ ಇರಲಿಲ್ಲ. ಗಂಡನೋ ಅಣ್ಣನೋ ಬಾಟ್ಲಿ ತೊಳೆದುಕೊಂಡು ಬಂದು, ಬೇನೆಯನ್ನು ಬಾಯಿಂದ ಹೇಳಿ, ಔಷಧಿ ತುಂಬಿಸಿಕೊಂಡು ಹೋಗುತ್ತಿದ್ದ. ನಮ್ಮಲ್ಲಿಗೆ ರೋಗಿ ಬರುತ್ತಿರಲಿಲ್ಲ, ರೋಗಿಯ ಮಾತು ಬರುತ್ತಿತ್ತು. ಅದೂ ಇನ್ನೊಬ್ಬರ ಬಾಯಿಂದ.

ನಮ್ಮ ಡಾಕ್ಟರಸಾಹೇಬರು ಪುಣೆಯ ಕಡೆಯವರು. ಕೈಗುಣ ಒಳ್ಳೆಯದು, ಸಿಟ್ಟು ಮೂಗಿನ ತುದಿಯಲ್ಲಿ. ಕನ್ನಡ ಕಲಿತಿದ್ದರು, ಆದರೆ ಅದು ಪುಸ್ತಕದ ಕನ್ನಡ. ಮಳೆಗಾಲ ಮುಗಿದು ಮಲಪ್ರಭೆಯ ದಂಡೆಯ ಊರುಗಳಲ್ಲಿ ಜ್ವರ ಎದ್ದಿತೆಂದರೆ ಖಿಡಕಿಯ ಮುಂದೆ ಮಾತಿನ ಸಂತೆ. ಒಬ್ಬ ಚಳಿ ಎನ್ನುವನು, ಇನ್ನೊಬ್ಬ ಥಂಡಿ. ಒಬ್ಬನ ಹೆಂಡತಿಗೆ ಶೀತ ಆಗಿರುವುದು, ಇನ್ನೊಬ್ಬನ ತಾಯಿಗೆ ಮೈಮುಳ್ಳು ಎದ್ದಿರುವುದು. ಮುಸಲ್ಮಾನರ ಓಣಿಯವರು ಸರ್ದಿ, ಜಾಡಾ ಎನ್ನುವರು. ಮರಾಠಿ ಮಂದಿ ಹಿಂವ ಎನ್ನುವರು. ನಡುಕ, ಜೋಮು, ಕೊರೆತ, ಕೈ ಮರಗಟ್ಟಿದೆ, ಮೈ ಸೆಡೆದಿದೆ. ಡಾಕ್ಟರಸಾಹೇಬರು ತಲೆ ಹಿಡಿದುಕೊಂಡು, "ಅಡಿವೆಪ್ಪ, ಹಾ ಕಾಯ ಘೋಟಾಳಾ? ಇದೇನು ಗೊಂದಲ? ಒಂದು ಥಂಡಿಗೆ ಇಷ್ಟು ಮಾತು ಯಾಕ ಬೇಕು ಈ ಮಂದಿಗೆ?" ಎನ್ನುತ್ತಿದ್ದರು.

ಆಗ ನನ್ನ ತಲೆಗೆ ಹೊಳೆದದ್ದೇ ಈ ಪಟ್ಟಿ. ಎಡಕ್ಕೆ ಮಾತು, ಬಲಕ್ಕೆ ಬಾಟ್ಲಿಯ ನಂಬರು. ಮಾತು ಕೇಳಿದ ಕೂಡಲೇ ಬಾಟ್ಲಿ ತೆಗೆಯುವುದು, ತುಂಬುವುದು, ಮುಂದಿನವನನ್ನು ಕರೆಯುವುದು.

ಮಾತುಗಳ ಬೇರೆ ಬೇರೆ ಅರ್ಥ ನನಗೂ ಸರಿಯಾಗಿ ಗೊತ್ತಿರಲಿಲ್ಲ. ಅದಕ್ಕೆ ನಾನು ಆ ಊರಿನ ಸೂಲಗಿತ್ತಿ ನೀಲವ್ವನನ್ನು ಹಿಡಿದೆ. ಸುತ್ತಲಿನ ಏಳೆಂಟು ಊರಿನ ಮಕ್ಕಳು ಅವಳ ಕೈಗೆ ಬಿದ್ದೇ ಭೂಮಿಗೆ ಬಂದವು. ಎತ್ತರದ ಹೆಂಗಸು, ಕುಂಕುಮವಿಲ್ಲದ ಹಣೆಗೆ ಮೂರು ಬೆರಳು ವಿಭೂತಿ, ಮಾತು ಖಡಕ್ಕು. ಸಂತೆಯ ದಿನ ದವಾಖಾನೆಯ ಹಿಂದಿನ ಬೇವಿನ ಗಿಡದ ಕೆಳಗೆ ಕೂಡಿಸಿ ಒಂದೊಂದೇ ಮಾತು ಕೇಳಿದೆ, ಬರೆದುಕೊಂಡೆ.

ಅವಳು ಬರೇ ಬಾಯಿಂದ ಹೇಳಲಿಲ್ಲ. ಪ್ರತಿಯೊಂದು ಮಾತಿಗೂ ನನ್ನ ಮೈ ಮುಟ್ಟಿ ತೋರಿಸಿದಳು.

"ಥಂಡಿ ಅಂದ್ರ ಇಲ್ಲಿ," ಎಂದು ಕಿವಿಯ ತುದಿ ಹಿಡಿದಳು. "ಕಿವಿ ಮೂಗು ತಣ್ಣಗ ಇರತಾವ, ಮೈಗೆ ಏನೂ ಆಗಿರೂದಿಲ್ಲ. ಚಳಿ ಅಂದ್ರ ಇಲ್ಲಿಂದ ಹೊಂಡತೈತಿ," ಎಂದು ಬೆನ್ನಿನ ನಡುವೆ ಅಂಗೈ ಇಟ್ಟಳು. "ಅದು ವ್ಯಾಳ್ಯಾ ನೋಡಿ ಬರತೈತಿ, ವ್ಯಾಳ್ಯಾ ನೋಡಿ ಹೋಗತೈತಿ. ಶೀತ ಅಂದ್ರ ಹೊಟ್ಟಿ. ಮೈಮುಳ್ಳು ಅಂದ್ರ ತೋಳು. ತಂಪು ಅನ್ನೂದು ಬ್ಯಾನಿ ಅಲ್ಲ ತಮ್ಮಾ, ಹಣಿ ತಂಪಾತು ಅಂದ್ರ ಔಷಧ ಬಿಡಸು."

ಇಷ್ಟು ಹೇಳಿ ಬಗ್ಗಿ, ಥಟ್ಟನೆ ನನ್ನ ಅಂಗಾಲು ಹಿಡಿದಳು. ಹಿರಿಯ ಹೆಂಗಸು ಪಾದ ಮುಟ್ಟುವುದೆಂದರೆ! ನಾನು ಸರಕ್ಕನೆ ಕಾಲು ಎಳೆದುಕೊಂಡೆ. ಅವಳು ನಗಲಿಲ್ಲ.

"ಅಂಗಾಲು ತಣ್ಣಗ ಆಗ್ಯಾವ ಅಂತ ಯಾರರ ಹೇಳಿದ್ರ, ಮೈ ಬೆಂಕಿ ಐತಿ, ಕಾಲು ತಣ್ಣಗ ಐತಿ ಅಂದ್ರ, ಬಾಟ್ಲಿ ತುಂಬಾಕ ಕುಂದರಬ್ಯಾಡ. ಎದ್ದು ನಡಿ. ಹೋಗಿ ನಿನ್ನ ಕೈಲೆ ಮುಟ್ಟಿ ನೋಡು. ಅದಕ್ಕ ಖಿಡಕ್ಯಾಗ ಔಷಧ ಇಲ್ಲ."

ಅದೊಂದನ್ನು ನಾನು ಬರೆದುಕೊಳ್ಳಲಿಲ್ಲ. ಕಾರಣ ಬಹಳ ಸಣ್ಣದು. ಬಲಕ್ಕೆ ಬರೆಯಲು ಬಾಟ್ಲಿಯ ನಂಬರು ಇರಲಿಲ್ಲ. ಉಳಿದ ಮಾತುಗಳನ್ನು ಬರೆದೆ, ಅವಳು ಮುಟ್ಟಿ ತೋರಿಸಿದ್ದನ್ನೆಲ್ಲ ಬಿಟ್ಟೆ. ಕಿವಿ, ಬೆನ್ನು, ಹೊಟ್ಟೆ, ತೋಳು ಇವಕ್ಕೆಲ್ಲ ಪಟ್ಟಿಯಲ್ಲಿ ಜಾಗ ಎಲ್ಲಿತ್ತು? ಚಳಿ, ಹಿಂವ, ಜಾಡಾ, ನಡುಕಕ್ಕೆ ಒಂದನೇ ನಂಬರು, ಕ್ವಿನೈನು. ಥಂಡಿ, ಸರ್ದಿ, ನೆಗಡಿಗೆ ಎರಡನೇ ನಂಬರು, ಪೆಪರಮಿಂಟಿನ ವಾಸನೆಯ ಕೆಮ್ಮಿನ ಔಷಧಿ. ಶೀತಕ್ಕೆ ಮೂರು. ಜೋಮಿಗೆ ಹಚ್ಚುವ ಎಣ್ಣೆ, ನಾಲ್ಕು. ದಪ್ಪ ಕಾಗದದ ಮೇಲೆ ಕೂಡಿಸಿ ಗೀಚುವ ಮೋಡಿಯಲ್ಲ, ಬಿಡಿಬಿಡಿಯಾದ ಚಂದದ ಅಕ್ಷರದಲ್ಲಿ ಬರೆದು, ಕೆಳಗೆ ನನ್ನ ಹೆಸರು ಹಾಕಿ, ಖಿಡಕಿಯ ಪಕ್ಕದ ಗೋಡೆಗೆ ಅಂಟಿಸಿದೆ. ನೀಲವ್ವನ ಹೆಸರು ಹಾಕುವುದು ನನಗೆ ಹೊಳೆಯಲೇ ಇಲ್ಲ. ಹೊಳೆದಿದ್ದರೂ ಹಾಕುತ್ತಿರಲಿಲ್ಲ, ಸೂಲಗಿತ್ತಿಯ ಹೆಸರು ಸರಕಾರಿ ಗೋಡೆಯ ಮೇಲೆ ಹಾಕುವುದುಂಟೇ ಎನ್ನುತ್ತಿದ್ದೆ.

ಡಾಕ್ಟರಸಾಹೇಬರಿಗೆ ಹಿಡಿಸಲಾರದಷ್ಟು ಸಂತೋಷ. ತಪಾಸಣೆಗೆ ಬಂದ ದೊಡ್ಡ ಸಾಹೇಬರೂ ನೋಡಿ ತಲೆದೂಗಿದರು. ಪ್ರತಿ ಮಾಡಿಸಿ ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಕಡೆಗೆಲ್ಲ ಕಳಿಸಿದರು. ನಾನು ಹಾದಿಯಲ್ಲಿ ನಡೆಯುವಾಗ ನೆಲ ಮುಟ್ಟುತ್ತಿರಲಿಲ್ಲ.

ಕಿತ್ತೂರ ಕಡೆಯ ಒಬ್ಬ ಕಂಪೌಂಡರ ಒಮ್ಮೆ ಭೇಟಿಯಾದಾಗ ನಗುತ್ತ ಹೇಳಿದ. ಘಟ್ಟದ ಕಡೆಯ ಮರಾಠಿ ಮುದುಕನೊಬ್ಬ ಬಂದು 'ಗಾರ' ಹತ್ತಿದೆ ಎಂದನಂತೆ. ಥಂಡಿಗೆ ಅವರ ಮಾತು ಅದು. ಪಟ್ಟಿಯಲ್ಲಿ 'ಗಾರ' ಇರಲಿಲ್ಲ. ಈತ ಮೇಲಿಂದ ಕೆಳಗೆ ಎರಡು ಸಲ ಹುಡುಕಿ, "ಆ ಬ್ಯಾನಿ ನಮ್ಮಲ್ಲಿ ಇಲ್ಲ" ಎಂದು ಮುದುಕನನ್ನು ಕಳಿಸಿಬಿಟ್ಟನಂತೆ. ನಾವಿಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಈಗ ಆ ಮುದುಕ ಎಷ್ಟು ಹರದಾರಿ ನಡೆದು ಬಂದಿದ್ದನೋ ಎಂದು ಲೆಕ್ಕ ಹಾಕುತ್ತೇನೆ.

ನನ್ನ ಜಂಬ ಒಂದು ಸಲ ಕರಗಿದ್ದುಂಟು. ಕರಗಿತು ಎನ್ನುವುದು ಸರಿಯಾದ ಮಾತೇ. ಪ್ರವಾಸಿ ಬಂಗಲೆಯಲ್ಲಿ ಇಳಿದಿದ್ದ ಒಬ್ಬ ಅಧಿಕಾರಿಗೆ ತಲೆಗೇರಿದ ಜ್ವರ. ಡಾಕ್ಟರಸಾಹೇಬರು ಹಣೆಗೆ ಇಡಲು ಬೆಳಗಾವಿಯಿಂದ ಬರ್ಫ, ಎಂದರೆ ಮಂಜುಗಡ್ಡೆ, ತರಿಸಿದರು. ಆ ಊರಿಗೆ ಬರ್ಫ ಬಂದದ್ದು ಅದೇ ಮೊದಲು. ಟಾಂಗಾದಲ್ಲಿ ಕಟ್ಟಿಗೆಪುಡಿ ತುಂಬಿದ ಪೆಟ್ಟಿಗೆ, ಅದರ ಮೇಲೆ ಎರಡು ಕಂಬಳಿ. ಊರಿನ ಗೌಡರು ಒಂದು ಬೆರಳಿನಿಂದ ಮುಟ್ಟಿ, "ಅಯ್ಯೋ ಸುಡತೈತಲೇ!" ಎಂದು ಕೈ ಕೊಡವಿದರು. ಡಾಕ್ಟರಸಾಹೇಬರು ಬಂಗಲೆಗೆ ಹೋಗಿದ್ದರು. ನಾನು ಕಂಬಳಿ ನೋಡಿದೆ. ಕಂಬಳಿ ಹೊದಿಸಿದರೆ ಮೈ ಬೆಚ್ಚಗಾಗುತ್ತದೆ, ಥಂಡಿ ವಸ್ತುವಿಗೆ ಯಾವ ಮೂರ್ಖ ಕಂಬಳಿ ಹೊದಿಸಿದ ಎಂದು ಟಾಂಗಾದವನನ್ನು ಬೈದೆ. ಪಾಪ, ಅವನೂ ಒಪ್ಪಿದ. ಕಂಬಳಿ ತೆಗೆದು, ಪುಡಿ ಝಾಡಿಸಿ, ಬರ್ಫವನ್ನು ಪಡಸಾಲೆಯಲ್ಲಿ ಚೆನ್ನಾಗಿ ಗಾಳಿ ಬರುವಲ್ಲಿ ಹರಿವಾಣದಲ್ಲಿಟ್ಟೆ.

ಡಾಕ್ಟರಸಾಹೇಬರು ಬರುವ ಹೊತ್ತಿಗೆ ಹರಿವಾಣದಲ್ಲಿ ನೀರಿತ್ತು. ನಡುವೆ ಒಂದು ಲಿಂಬೆಹಣ್ಣಿನಷ್ಟು ಗಡ್ಡೆ. ಅವರು ಕೂಗಾಡುತ್ತಾರೆಂದು ಕಾದೆ. ಕೂಗಾಡಲಿಲ್ಲ. ಬೆವರು ಒರೆಸಿಕೊಂಡು ಮೆಲ್ಲಗೆ ಹೇಳಿದರು: "ಅಡಿವೆಪ್ಪ, ನಿನಗ ಥಂಡಿಯ ಮಾತು ಎಲ್ಲಾ ಗೊತ್ತದ. ಥಂಡಿ ಮಾತ್ರ ಗೊತ್ತಿಲ್ಲ."

ಆ ಅಧಿಕಾರಿ ಬರ್ಫ ಇಲ್ಲದೆಯೂ ಬದುಕಿಕೊಂಡರು. ಹಾಗಾಗಿ ಆ ಮಾತನ್ನು ನಾನು ತಮಾಷೆಯಾಗಿ ನಾಲ್ಕು ಜನರ ಮುಂದೆ ಹೇಳಿಕೊಂಡು ತಿರುಗಿದೆ.

ಅದೇ ವರ್ಷವೋ ಮರುವರ್ಷವೋ ಜ್ವರ ಅಳೆಯುವ ಕಾಜಿನ ಕಡ್ಡಿ, ಥರ್ಮಾಮೀಟರು, ನಮ್ಮ ದವಾಖಾನೆಗೆ ಎರಡು ಬಂದವು. ಒಂದನ್ನು ನನ್ನ ಕೈಗೆ ಕೊಟ್ಟು, ಮನೆಮನೆಗೆ ಹೋಗಿ ಅಳೆಯುವುದನ್ನು ಕಲಿಸುವೆನೆಂದರು. ಒಬ್ಬನ ಬಾಯಿಂದ ತೆಗೆದದ್ದನ್ನು ಇನ್ನೊಬ್ಬನಿಗೆ ಇಡುವುದು ಹೇಗೆಂದು ನಾನು ಮಡಿವಂತಿಕೆಯಿಂದ ಹಂಡೆಯ ಕುದಿನೀರಿನಲ್ಲಿ ತೊಳೆದೆ. ಟಪ್ಪೆಂದಿತು. ಪಾದರಸ ನೆಲದ ಮೇಲೆ ಮುತ್ತಿನಂತೆ ಓಡಾಡಿತು. ಎರಡನೆಯದನ್ನು ಡಾಕ್ಟರಸಾಹೇಬರು ತಮ್ಮ ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕಿದರು. ನನಗೆ ನನ್ನ ಪಟ್ಟಿಯೇ ಗತಿಯಾಯಿತು. ಖರೆ ಹೇಳಬೇಕೆಂದರೆ ನನಗೆ ಸಂತೋಷವೇ ಆಯಿತು. ಮನೆಮನೆ ಅಲೆಯುವುದು ತಪ್ಪಿತಲ್ಲ.

ಆಮೇಲೆ ಗಂಟುಬೇನೆ ಬಂತು. ಈಗಿನವರು ಪ್ಲೇಗು ಎನ್ನುತ್ತಾರೆ. ಇಲಿ ಬೀಳುವುದು, ಚಳಿಯಿಂದ ಜ್ವರ ಏರುವುದು, ತೊಡೆಯ ಸಂದಿಯಲ್ಲೋ ಬಗಲಲ್ಲೋ ಗಂಟು ಏಳುವುದು, ನಾಲ್ಕೈದು ದಿನಕ್ಕೆ ಮುಗಿಯುವುದು. ಮೇಲಿನಿಂದ ಹುಕುಂ ಬಂತು. ಜ್ವರದ ಜೊತೆ ಚಳಿ ಎಂದು ಯಾರು ಹೇಳಿದರೂ ಅವರ ಮನೆಯ ಗುರುತು ಬರೆದು ತಪಾಸಣೆಯವರಿಗೆ ಕಳಿಸಬೇಕು. ತಪಾಸಣೆಯವರು ಬಂದರೆಂದರೆ ಬೇನೆಯವರನ್ನು ಒಂದು ಕಡೆ ಒಯ್ಯುವರು, ಮನೆಯವರನ್ನು ಇನ್ನೊಂದು ಕಡೆ ಹಾಕುವರು, ಹಾಸಿಗೆ ಸುಡುವರು, ಗಾಳಿ ಬೆಳಕು ಬರಲೆಂದು ಮಾಳಿಗೆ ಕಿತ್ತು ತೆರೆಯುವರು. ಹೋದವರು ತಿರುಗಿ ಬಂದದ್ದನ್ನು ಮಂದಿ ಕಂಡಿರಲಿಲ್ಲ.

ನಾನು ಕೆಂಪು ಶಾಯಿ ತಂದು ಪಟ್ಟಿಯಲ್ಲಿ ಚಳಿ, ಹಿಂವ, ಜಾಡಾ, ನಡುಕ ಈ ನಾಲ್ಕು ಮಾತಿನ ಮುಂದೆ ಗುರುತು ಹಾಕಿದೆ.

ಅಕ್ಷರ ಬಾರದ ಊರು ಆ ಕೆಂಪು ಗುರುತನ್ನು ಒಂದೇ ವಾರದಲ್ಲಿ ಓದಿತು. ಚಳಿ ಎಂದ ಇಬ್ಬರ ಮನೆಗೆ ತಪಾಸಣೆಯವರು ಬಂದು ಹೋದದ್ದೇ ತಡ, ಖಿಡಕಿಯ ಮುಂದೆ ಆ ಮಾತೇ ನಿಂತುಹೋಯಿತು. ಎಲ್ಲರಿಗೂ ಥಂಡಿ. ಕಟ್ಟುಮಸ್ತಾದ ಪ್ರಾಯದ ಹೆಂಡತಿಗೂ ಥಂಡಿ, ತೊಟ್ಟಿಲ ಕೂಸಿಗೂ ಥಂಡಿ. ಒಂದು ದಿನ ಸಾಲಿನಲ್ಲಿ ಒಬ್ಬ ಮುದುಕ ತನ್ನ ಹಿಂದಿನವನಿಗೆ ಪಾಠ ಹೇಳುತ್ತಿದ್ದ. "ಖಿಡಕಿ ಮುಂದ ಚಳಿ ಅನಬ್ಯಾಡ ಮತ್ತ. ಥಂಡಿ ಅನ್ನು. ಕೇಳಿದ್ರ ಮೂಗು ಸೋರತೈತಿ ಅನ್ನು." ಅದು ನನಗೆ ಸ್ಪಷ್ಟವಾಗಿ ಕೇಳಿಸಿತು. ಆ ಪಾಠ ಕೇಳಿದವನು ತನ್ನ ಪಾಳಿಗೆ ಬಂದು, "ಹೆಂಡತಿಗೆ ಥಂಡಿ ಆಗೈತ್ರಿ, ಮೂಗು ಸೋರತೈತ್ರಿ," ಎಂದ. ಮೂಗಿನ ಮಾತು ನಾನು ಕೇಳುವ ಮೊದಲೇ ಬಂದಿತ್ತು. ನಾನು ಎರಡನೇ ನಂಬರು ತುಂಬಿ ಕೊಟ್ಟೆ.

ನನಗೆ ಗೊತ್ತಿತ್ತು. ಇದನ್ನು ಬಿಡಿಸಿಯೇ ಬರೆಯುತ್ತೇನೆ, ಏಕೆಂದರೆ ಮಂದಿ ನನಗೆ ಮೋಸ ಮಾಡಿದರೆಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅವರು ಮೋಸ ಮಾಡಲಿಲ್ಲ. ನನಗೆ ಗೊತ್ತಿದ್ದೂ ನಾನು ತುಂಬಿ ಕೊಟ್ಟೆ. ಎದ್ದು ಹೋಗಿ ನೋಡಿದರೆ ಗಂಟುಬೇನೆ ನನಗೂ ಹತ್ತೀತೆಂಬ ಅಂಜಿಕೆ ಒಂದು. ಇನ್ನೊಂದು ಅದಕ್ಕಿಂತ ಹೊಲಸು. ಚಳಿಯ ಹೆಸರು ಇಳಿಯುತ್ತಿದ್ದಂತೆ ನಾನು ಡಾಕ್ಟರಸಾಹೇಬರಿಗೆ, ಈ ಭಾಗದಲ್ಲಿ ಬೇನೆ ಹಿಂದೆ ಸರಿಯುತ್ತಿದೆ ಎಂದು ಬರೆದುಕೊಟ್ಟಿದ್ದೆ. ಅವರು ಅದನ್ನು ನಂಬಿ ಮೇಲಕ್ಕೆ ಕಳಿಸಿದ್ದರು. ಪಟ್ಟಿಯ ಹೆಸರು ಮತ್ತೆ ದೊಡ್ಡ ಸಾಹೇಬರ ಬಾಯಲ್ಲಿ ಬಂದಿತ್ತು.

ಆ ದಿನಗಳಲ್ಲಿ ಡಾಕ್ಟರಸಾಹೇಬರು ಸವದತ್ತಿಯ ಆಚೆಯ ಊರುಗಳಿಗೆ ಹೋಗಿದ್ದರು. ಮಧ್ಯಾಹ್ನ, ಖಿಡಕಿ ಮುಚ್ಚುವ ಹೊತ್ತು. ನೀಲವ್ವ ಬಂದಳು. ಖಿಡಕಿಗೆ ಅವಳು ಎಂದೂ ಬಂದವಳಲ್ಲ. ಕೈಯಲ್ಲಿ ಬಾಟ್ಲಿ ಇರಲಿಲ್ಲ.

ಅವಳ ಒಬ್ಬಳೇ ಮಗಳು ಬಾಳವ್ವ ಅದೇ ಊರಿನಲ್ಲಿ ಕೊಟ್ಟವಳು, ಎಂಟು ತಿಂಗಳ ಕೂಸಿನ ತಾಯಿ. ನೀಲವ್ವ ಯಾರದೋ ಬಾಣಂತನಕ್ಕೆಂದು ಯರಗಟ್ಟಿಗೆ ಹೋಗಿದ್ದವಳು ಅಂದು ಬೆಳಿಗ್ಗೆಯಷ್ಟೇ ತಿರುಗಿ ಬಂದಿದ್ದಳು. ಅಷ್ಟರಲ್ಲಿ ಬಾಳವ್ವನ ಗಂಡ ಮೂರು ದಿನ ಖಿಡಕಿಗೆ ಬಂದು, ಥಂಡಿ ಎಂದು ಹೇಳಿ, ಎರಡನೇ ನಂಬರು ಒಯ್ದಿದ್ದ.

"ತಮ್ಮಾ, ಏಳು," ಎಂದಳು. "ಬಾಳವ್ವನ ಮೈ ಕೆಂಡ ಆಗೈತಿ. ಅಂಗಾಲು ತಣ್ಣಗ ಆಗಿ ಮ್ಯಾಲಕ್ಕ ಏರಾಕ ಹತ್ತೈತಿ. ಬಂದು ಮುಟ್ಟಿ ನೋಡು."

"ಡಾಕ್ಟರಸಾಹೇಬರು ಊರಾಗ ಇಲ್ಲ ಬೇ," ಎಂದೆ.

"ನೀ ಇದ್ದಿಯಲ್ಲ. ನೀ ಬಂದು ಇದು ಅದs ಬ್ಯಾನಿ ಅಂತ ಒಂದು ಮಾತು ಹೇಳು. ನನ್ನ ಅಳಿಯ ನನ್ನ ಮಾತು ಕೇಳವಲ್ಲ. ದವಾಖಾನ್ಯಾಗ ಥಂಡಿ ಅಂತ ಔಷಧ ಕೊಟ್ಟಾರ, ಥಂಡೀನs ಅಂತಾನ. ಮನಿ ಬಿಡವಲ್ಲ. ಕೂಸು ಅದs ಹಾಸಿಗ್ಯಾಗ ಐತಿ. ನೀ ಒಂದು ಮಾತು ಹೇಳಿದ್ರ ಕೂಸಿನ್ನ ಕರಕೊಂಡು ಹೊಲಕ್ಕ ಹೋಗತಾನ."

ಹೋದರೆ ಬೇನೆ ಇದೆ ಎಂದು ಬರೆಯಬೇಕು. ಬರೆದರೆ ನಾನು ಹಿಂದಿನ ವಾರ ಬರೆದುಕೊಟ್ಟದ್ದು ಸುಳ್ಳಾಗುತ್ತದೆ. ನಾನು ತಲೆ ಎತ್ತಿ ಗೋಡೆಯ ಪಟ್ಟಿ ನೋಡಿದೆ. ಆಮೇಲೆ ನನ್ನ ಬಾಯಿಂದ ಬಂದ ಮಾತನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ.

"ಅಂಗಾಲು ತಣ್ಣಗ ಅನ್ನೂದು ಪಟ್ಟಿಯೊಳಗ ಇಲ್ಲ ಬೇ," ಎಂದೆ.

ಅವಳು ಪಟ್ಟಿಯ ಕಡೆ ತಿರುಗಿದಳು. ಅಕ್ಷರ ಬಾರದವಳು ಅದನ್ನು ಬಹಳ ಹೊತ್ತು ನೋಡಿದಳು.

"ಇದರಾಗ ನನ್ನ ಮಾತು ಎಷ್ಟು ಅದಾವ?"

"ಎಲ್ಲಾ ನಿನ್ನವ."

"ಹಂಗಾರ ಇದೂ ನಂದs. ಬರಕೋ. ಬರಕೊಂಡು ಏಳು."

ನಾನು ಏಳಲಿಲ್ಲ. ಒಂದು ಬಾಟ್ಲಿ ತೆಗೆದು ಎರಡನೇ ನಂಬರನ್ನೇ ತುಂಬಿ ಖಿಡಕಿಯ ಪಡಿಯ ಮೇಲಿಟ್ಟೆ. ಅವಳು ಅದನ್ನು ಮುಟ್ಟಲಿಲ್ಲ. ಬೈಯಲೂ ಇಲ್ಲ. ಸೆರಗು ತಲೆಯ ಮೇಲೆ ಎಳೆದುಕೊಂಡು ಸರಸರ ಹೋದಳು. ಬಾಟ್ಲಿ ಅಲ್ಲೇ ಎರಡು ದಿನ ಇತ್ತು. ಅದನ್ನು ತೆಗೆದಿಡಲು ನನಗೆ ಕೈ ಬರಲಿಲ್ಲ.

ಬಾಳವ್ವ ಮರುದಿನ ಹೋದಳು. ನಾನು ಎದ್ದು ಹೋಗಿದ್ದರೂ ಅವಳು ಉಳಿಯುತ್ತಿರಲಿಲ್ಲವೆಂದು ಡಾಕ್ಟರರಾದವರು ಹೇಳುತ್ತಾರೆ, ಇರಬಹುದು. ಆದರೆ ಅವಳ ಗಂಡ, ಥಂಡಿಯೇ ಇರಬೇಕೆಂದು ಹಟ ಹಿಡಿದು ಅದೇ ಮನೆಯಲ್ಲಿ ಕೂತವನು, ಆರು ದಿನದ ಮೇಲೆ ಹೋದ. ಅವನಿಗೆ ನನ್ನ ಒಂದು ಮಾತು ಸಾಕಿತ್ತು. ಕೂಸನ್ನು ಮಾತ್ರ ನೀಲವ್ವ ಖಿಡಕಿಯಿಂದ ಹೋದ ದಿನವೇ ಅಳಿಯನ ಕೈಯಿಂದ ಕಸಿದುಕೊಂಡು ಹೊಲದ ಗುಡಿಸಲಿಗೆ ಒಯ್ದಿದ್ದಳು. ಅದು ಉಳಿಯಿತು.

ಮಗಳನ್ನು ಮಣ್ಣು ಮಾಡಿದ ಮರುದಿನ ಅವಳು ಊರಲ್ಲಿ ಮನೆಮನೆ ಹೊಕ್ಕಳು. ಮಲಗಿದವರ ಪಾದ ಹಿಡಿದು ನೋಡುವುದು, ತಣ್ಣಗಿದ್ದರೆ ಆ ಮನೆಯವರನ್ನು ಬೈದು, ಅತ್ತು, ಕೈಮುಗಿದು ಹೊಲಕ್ಕೆ ಹೊರಡಿಸುವುದು. ತಪಾಸಣೆಯವರು ಬಂದಾಗ ಬಾಗಿಲು ಹಾಕಿಕೊಂಡ ಮಂದಿ ಅವಳಿಗೆ ಬಾಗಿಲು ತೆರೆದರು, ತಮ್ಮನ್ನು ಭೂಮಿಗೆ ಇಳಿಸಿದ ಕೈ ಅಲ್ಲವೇ. ಅರ್ಧಕ್ಕಿಂತ ಹೆಚ್ಚು ಊರು ಬಿಳಿಜೋಳದ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿತು. ಇಬ್ಬನಿಯಲ್ಲಿ ಮಲಗಿ ಎಲ್ಲರಿಗೂ ನಿಜವಾದ ಥಂಡಿ ಹತ್ತಿತು, ಮೂಗು ಸೋರಿತು. ಬೇನೆ ಮಾತ್ರ ಅವರ ಹಿಂದೆ ಬರಲಿಲ್ಲ.

ಡಾಕ್ಟರಸಾಹೇಬರು ತಿರುಗಿ ಬಂದವರು ಖಾಲಿ ಓಣಿಗಳನ್ನು ನೋಡಿ ನನ್ನನ್ನು ಕರೆದರು. "ಅಡಿವೆಪ್ಪ, ಖರೇ ಹೇಳು. ಈ ತಿಂಗಳಾಗ ನೀ ಒಂದರ ಮನಿಗೆ ಹೋಗಿ ನೋಡಿದ್ದಿ ಏನು?"

"ಹೋಗಿದ್ನಿರಿ," ಎಂದೆ.

ಬರೆದುಕೊಟ್ಟದ್ದನ್ನು ಬಿಟ್ಟರೆ, ಬಾಯಿಬಿಟ್ಟು ಹೇಳಿದ ಮೊದಲನೆಯ ಸುಳ್ಳು ಅದು. ಅವರು ನನ್ನ ಮುಖವನ್ನೇ ನೋಡಿ, ಮುಂದೆ ಏನೂ ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು. ಕೆಲವು ದಿನಗಳಲ್ಲಿ ಮೇಲಿನಿಂದ ಕಾಗದ ಬಂತು. ಊರನ್ನು ವೇಳೆಗೆ ಸರಿಯಾಗಿ ಖಾಲಿ ಮಾಡಿಸಿದ್ದಕ್ಕಾಗಿ ದವಾಖಾನೆಯವರನ್ನು ಹೊಗಳಿದ್ದರು. ಪಟ್ಟಿಯ ಹೆಸರೂ ಇತ್ತು. ಆ ಕಾಗದವನ್ನು ನಾನು ಎರಡೂ ಕೈಯಿಂದ ತೆಗೆದುಕೊಂಡೆ.

ಆಮೇಲೆ ನನಗೆ ರಾಮದುರ್ಗದ ಕಡೆಯ ಒಂದು ಊರಿಗೆ ವರ್ಗವಾಯಿತು. ದೂರ ಹೋದರೆ ಮರೆತೇನೆಂದು ಸಂತೋಷದಿಂದ ಹೋದೆ. ಮೊದಲ ದಿನ ದವಾಖಾನೆಯ ಬಾಗಿಲು ತೆಗೆದರೆ ಗೋಡೆಯ ಮೇಲೆ ಅದೇ ಪಟ್ಟಿ. ನನ್ನದಕ್ಕಿಂತ ಚಂದದ ಅಕ್ಷರ, ಸುತ್ತಲೂ ಬಳ್ಳಿಯ ಅಂಚು, ಕೆಳಗೆ ನನ್ನ ಹೆಸರು. ಅಲ್ಲಿಯ ಡಾಕ್ಟರರು, "ಇವರs ನೋಡ್ರಿ ಅದನ್ನ ಬರದವರು," ಎಂದು ಎಲ್ಲರಿಗೂ ಗುರುತು ಮಾಡಿಸಿದರು. ಹರಿದು ಹಾಕಬೇಕೆಂದು ಎಷ್ಟು ಸಲ ಕೈ ಎತ್ತಿದೆನೋ. ಹರಿದರೆ ಏಕೆಂದು ಕೇಳುವರಲ್ಲ. ಅದರ ಕೆಳಗೆ ಕೂತು ಹತ್ತು ವರ್ಷ ಔಷಧಿ ಕಲಸಿದೆ. ಅಷ್ಟರಲ್ಲಿ ಥರ್ಮಾಮೀಟರುಗಳು ಎಲ್ಲ ಕಡೆ ಬಂದವು, ಹೆಣ್ಣುಮಕ್ಕಳು ತಾವೇ ದವಾಖಾನೆಗೆ ಬರತೊಡಗಿದರು, ಪಟ್ಟಿ ಹಳದಿಯಾಗಿ ತಾನೇ ಕಳಚಿ ಬಿತ್ತು. ಬಿದ್ದದ್ದನ್ನು ಮಡಚಿ ಟ್ರಂಕಿನಲ್ಲಿಟ್ಟೆ. ಇಲ್ಲಿರುವುದು ಅದೇ.

ನೌಕರಿ ಬಿಡುವ ವರ್ಷ ನೀಲವ್ವ ಇನ್ನೂ ಇದ್ದಾಳೆಂದು ಕೇಳಿದೆ. ಆ ಕೂಸು ಬೆಳೆದು ಕಿತ್ತೂರಿನ ಹತ್ತಿರ ದೇಗಾಂವಿಗೆ ಸೊಸೆಯಾಗಿ ಹೋಗಿತ್ತು, ಅಜ್ಜಿಯೂ ಅದರ ಜೊತೆಗೇ. ಕಮಲನಾರಾಯಣನ ದರ್ಶನಕ್ಕೆಂದು ಮನೆಯಲ್ಲಿ ಹೇಳಿ ಹೊರಟೆ. ಕಿತ್ತೂರಿನಿಂದ ಚಕ್ಕಡಿಯಲ್ಲಿ ಹೋಗುವಾಗ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ: ನಾನು ಬರಲಿಲ್ಲ ಬೇ, ಅಂಜಿದೆ, ನನ್ನ ಹೆಸರಿಗೆ ಅಂಜಿದೆ, ತಪ್ಪಾತು.

ಬಾಗಿಲಲ್ಲಿ ಪ್ರಾಯದ ಹೆಣ್ಣುಮಗಳು ಕಾಲಿಗೆ ನೀರು ಕೊಟ್ಟಳು. ಬಾಳವ್ವನ ಮಗಳು. ನನ್ನನ್ನು ಯಾರೆಂದು ಅರಿಯದೆ, "ಬರ್ರಿ ಯಪ್ಪಾ, ಕುಂಡ್ರರಿ, ಮಜ್ಜಿಗಿ ತರತೇನಿ," ಎಂದಳು. ಒಳಗೆ ಗೋಡೆಗೆ ಒರಗಿ ನೀಲವ್ವ ಕೂತಿದ್ದಳು. ಕಣ್ಣು ಪೂರ್ತಿ ಹೋಗಿದ್ದವು.

"ಯಾರ ಬಂದಾರ?"

"ದವಾಖಾನ್ಯಾವ ಬೇ. ಅಡಿವೆಪ್ಪ."

ಅವಳು ನಿನ್ನೆ ಮೊನ್ನೆ ಬಿಟ್ಟುಹೋದವನನ್ನು ಕೇಳುವಂತೆ, "ಯಾರಿಗೆ ಆರಾಮಿಲ್ಲ?" ಎಂದಳು.

ಬಾಯಿಪಾಠ ಮಾಡಿದ್ದೆಲ್ಲ ಎಲ್ಲಿ ಹೋಯಿತೋ. ಬಾಗಿಲಲ್ಲಿ ಆ ಹೆಣ್ಣುಮಗಳು ಮಜ್ಜಿಗೆಯ ತಂಬಿಗೆ ಹಿಡಿದು ನಿಂತಿದ್ದಳು. ಅವಳ ಮುಖ ನೋಡಿ ನಾನು, "ನನಗs ಬೇ. ಒಂದೀಟು ಥಂಡಿ ಆಗೈತಿ," ಎಂದೆ.

ಇದು ಎರಡನೆಯ ಸುಳ್ಳು. ಖಿಡಕಿಯ ಮುಂದೆ ನಿಂತ ಮಂದಿ ಹೇಳುತ್ತಿದ್ದ ಅದೇ ಮಾತು. ಅವರಿಗಾದರೂ ಹೆಂಡತಿ ಮಕ್ಕಳನ್ನು ಒಯ್ದಾರೆಂಬ ಅಂಜಿಕೆ ಇತ್ತು. ನನ್ನಿಂದ ಯಾರು ಏನನ್ನು ಒಯ್ಯುವವರಿದ್ದರು?

ನೀಲವ್ವ ಕೂತಲ್ಲಿಂದಲೇ ಮುಂದೆ ಸರಿದಳು. ಕೈ ನೆಲದ ಮೇಲೆ ತಡಕಾಡಿ ನನ್ನ ಪಾದ ಹುಡುಕಿತು. ಈ ಸಲ ನಾನು ಎಳೆದುಕೊಳ್ಳಲಿಲ್ಲ. ಅಂಗಾಲನ್ನು ಹಿಡಿದು ಬಹಳ ಹೊತ್ತು ಕೂತಳು.

"ಥಂಡಿ ಏನೂ ಇಲ್ಲ ತಮ್ಮಾ," ಎಂದಳು. "ಕಾಲು ಬೆಚ್ಚಗ ಅದಾವ. ಖರೇ ಏನಾಗೈತಿ ಅದನ್ನ ಹೇಳು."

ನಾನು ಮಜ್ಜಿಗೆ ಕುಡಿದು ಎದ್ದು ಬಂದೆ. ಮರುವರ್ಷ ಅವಳು ಹೋದ ಸುದ್ದಿ ಬಂತು.

ನಿನ್ನೆ ಟ್ರಂಕು ತೆಗೆದು ಪಟ್ಟಿಯ ಕೆಳಗಿನ ನನ್ನ ಹೆಸರು ಹೊಡೆದು ಹಾಕಿ, ನೀಲವ್ವ ಎಂದು ಬರೆದೆ. ಅವಳು ಬರೆದುಕೋ ಎಂದಿದ್ದ 'ಅಂಗಾಲು ತಣ್ಣಗೆ' ಎಂಬುದನ್ನೂ ಕೊನೆಯ ಸಾಲಾಗಿ ಬರೆದೆ. ಆ ಇಬ್ಬರು ಕಂಪೌಂಡರಿಗೆ ಬಂದು ಒಯ್ಯಿರೆಂದು ಕಾಗದ ಹಾಕಿದ್ದೇನೆ. ಬಂದರೆ ಪಟ್ಟಿ ಕೊಡುವ ಮೊದಲು ಈ ಹಾಳೆಗಳನ್ನು ಓದಿಸಬೇಕೆಂದಿದ್ದೇನೆ. ಕೊನೆಯ ಸಾಲಿನ ಬಲಕ್ಕೆ ಬಾಟ್ಲಿಯ ನಂಬರು ಏಕಿಲ್ಲವೆಂದು ಅವರು ಕೇಳಬಾರದು.